ಪರದೆಯ ಹಿಂದೆ ಕೂತವರು

ಸಿನಿಮಾ ತೋರಿಸಿ ನಮ್ಮನ್ನು ಕೆಡಿಸಿದವರು ಕಾರ್ಮಿಕ ಸಂಘದವರೇ. ಬೇರೆ ಯಾರೂ ಅಲ್ಲ. ಯಾರ ಮುಂದೆ ಬೇಕಾದರೂ ಈ ಮಾತು ಹೇಳುತ್ತೇನೆ.

ನಾನು ಮುನಿಕೆಂಪಮ್ಮ. ಕೊಡಿಗೇಹಳ್ಳಿಯವಳು. ಊರೊಳಗಿನವಳಲ್ಲ, ಊರಾಚೆಯ ಕೇರಿಯವಳು. ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ ಆಗ ಒಂದು ದೊಡ್ಡ ಕಾರ್ಖಾನೆ ಇತ್ತು. ಒಳಗೆ ಗಂಡಸರು ಯಂತ್ರ ಓಡಿಸುತ್ತಿದ್ದರು. ಯಂತ್ರ ಒರೆಸಿ, ಕೈ ಒರೆಸಿ, ಎಣ್ಣೆ ಕುಡಿದ ಬಟ್ಟೆಚೂರು ದಿನಾ ರಾಶಿ ಬೀಳುತ್ತಿತ್ತು. ಅದಕ್ಕೆ ವೇಸ್ಟು ಅನ್ನುತ್ತಿದ್ದರು. ಕಾರ್ಖಾನೆಯ ಹಿಂದಿನ ಗೋಡೆಗೆ ಒತ್ತಿಕೊಂಡು ಒಂದು ತಗಡಿನ ಶೆಡ್ಡು. ಅಲ್ಲಿ ನಾವು ಹೆಂಗಸರು ಆ ವೇಸ್ಟನ್ನು ಬೇಯಿಸಿ, ಒಗೆದು, ಒಣಗಿಸಿ ಮತ್ತೆ ಒಳಗೆ ಕೊಡಬೇಕು.

ಮನೆಯಲ್ಲಿ ಬಟ್ಟೆ ಒಗೆಯುವ ಸೋಡಾ ಅಲ್ಲ. ಕಾಸ್ಟಿಕ್ ಸೋಡಾ. ಕಬ್ಬಿಣದ ತೊಟ್ಟಿ, ಕೆಳಗೆ ಸೌದೆ ಉರಿ, ಮೇಲೆ ಕುದಿಯುವ ಸೋಡಾ ನೀರು. ಬೊಂಬಿನಿಂದ ತಿರುವಬೇಕು. ಬೆಂದದ್ದನ್ನು ಬೊಂಬಿಗೆ ಸುತ್ತಿ ಎಳೆದು ಕಲ್ಲಿನ ಮೇಲೆ ಹಾಕಿ ಕೈಯಲ್ಲೇ ಹಿಂಡಬೇಕು. ಕೈಗೆ ಏನೂ ಇಲ್ಲ. ಕೇಳಿದರೆ ಕಂಟ್ರಾಕ್ಟರ್ ಕದಿರಪ್ಪ ನಗುತ್ತಿದ್ದ. ಉಗುರು ಕಪ್ಪಾಗಿ ತಾನಾಗಿ ಕಳಚಿ ಬೀಳುತ್ತಿತ್ತು. ಬೆರಳ ತುದಿಯಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರಕ್ಕೆ ಜೀವ ಹೋಗುತ್ತಿತ್ತು. ಅದಕ್ಕೆ ಚಮಚದಲ್ಲಿ ತಿನ್ನುತ್ತಿದ್ದೆ. ನಮ್ಮತ್ತೆ ಅಕ್ಕಪಕ್ಕದವರನ್ನು ಕರೆದು, "ಬನ್ರೇ, ನಮ್ಮ ದೊರೆಸಾನಿ ಉಣ್ಣಾದ್ ನೋಡ್ರೇ" ಎಂದು ಆಡಿಕೊಳ್ಳುತ್ತಿದ್ದಳು. ನಾನೂ ನಗುತ್ತಿದ್ದೆ.

ಒಳಗಿನ ಗಂಡಸರು ಪರ್ಮನೆಂಟು. ಅವರಿಗೆ ಯೂನಿಫಾರಂ, ಕ್ಯಾಂಟೀನು, ಸಂಘ ಎಲ್ಲಾ ಇತ್ತು. ನಮಗೆ ಕದಿರಪ್ಪ ಇದ್ದ. ಯಲಹಂಕದಿಂದ ಸ್ಕೂಟರಿನಲ್ಲಿ ಬರುತ್ತಿದ್ದ. ನಮ್ಮ ಹೆಸರು ಯಾವ ಕಡತದಲ್ಲೂ ಬರೆಯುತ್ತಿರಲಿಲ್ಲ. ತಲೆ ಎಣಿಸಿ ಕೂಲಿ ಕೊಡುತ್ತಿದ್ದ. ಕ್ಯಾಂಟೀನಿಗೆ ನಾವು ಕಾಲಿಡುವಂತಿಲ್ಲ. ಕಕ್ಕಸಿನ ಪಕ್ಕದ ಜಗಲಿಯಲ್ಲಿ ಕೂತು ತಿನ್ನಬೇಕು.

ನಮ್ಮನ್ನು "ನೀವು" ಎಂದು ಮಾತಾಡಿಸುತ್ತಿದ್ದ ಗಂಡಸು ಇಡೀ ಕಾರ್ಖಾನೆಯಲ್ಲಿ ಒಬ್ಬರೇ. ಜಯಸಿಂಹ. ಸ್ಟೋರಿನಲ್ಲಿ ಗುಮಾಸ್ತರು. ಬ್ರಾಹ್ಮಣರು. ಸಂಘದ ಜಂಟಿ ಕಾರ್ಯದರ್ಶಿ. ನಮಗೆ ಸೋಡಾ ಕೊಡುವುದು, ಒಗೆದ ವೇಸ್ಟು ಲೆಕ್ಕ ಹಾಕಿ ಒಳಗೆ ತೆಗೆದುಕೊಳ್ಳುವುದು ಅವರೇ. ಎಮರ್ಜೆನ್ಸಿ ಮುಗಿದು ಸಂಘಕ್ಕೆ ಮತ್ತೆ ಉಸಿರು ಬಂದಿತ್ತು. ಕಾರ್ಮಿಕರಿಗೆ ತಿಳಿವಳಿಕೆ ಬರಬೇಕು ಎಂದು ಶನಿವಾರ ಸಾಯಂಕಾಲ ಸಂಘದ ಕಚೇರಿಯ ಅಂಗಳದಲ್ಲಿ ಸಿನಿಮಾ ತೋರಿಸುವುದು ಶುರುವಾಯಿತು. ಎಲ್ಲಿಂದಲೋ ಪ್ರೊಜೆಕ್ಟರ್ ಬಾಡಿಗೆಗೆ ತರುತ್ತಿದ್ದರು. ಎರಡು ಗಳುವಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಜಯಸಿಂಹ ನಮ್ಮ ಶೆಡ್ಡಿಗೆ ಬಂದು, "ನೀವೂ ಬರಬೇಕು. ನೀವೂ ಕಾರ್ಮಿಕರೇ" ಎಂದರು. ಹಾಗೆ ಯಾರೂ ನಮಗೆ ಹೇಳಿರಲಿಲ್ಲ.

ಹೋದೆವು. ಮುಂದೆ ಚಾಪೆಯ ಮೇಲೆ ಮೆಂಬರುಗಳು, ಅವರ ಹೆಂಡತಿ ಮಕ್ಕಳು. ನಾವು ಚಾಪೆಯ ಅಂಚಿಗೆ ಕೂತೆವು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸೋಡಾ, ಸುಟ್ಟ ಎಣ್ಣೆ, ಬೆವರು. ಮನೆಗೆ ಹೋಗಿ ಮೈ ತೊಳೆದರೂ ಹೋಗದ ನಾತ ಅದು. ನಾತ ಅಷ್ಟೇ ಅಲ್ಲ, ನಾನು ಯಾವ ಕೇರಿಯವಳು ಎಂದು ಅಲ್ಲಿ ಗೊತ್ತಿಲ್ಲದವರಿರಲಿಲ್ಲ. ಪಿಸುಪಿಸು ಶುರುವಾಯಿತು. ಜಯಸಿಂಹ ಬಂದು, "ಇಲ್ಲಿ ಜಾಗ ಸಾಲಲ್ಲ ಕೆಂಪಮ್ಮ. ಪರದೆ ಹಿಂದೆ ಕೂತ್ಕೊಳ್ಳಿ. ಬಟ್ಟೆ ಒದ್ದೆ ಮಾಡಿದ್ರೆ ಆ ಕಡೆಗೂ ಚೆನ್ನಾಗ್ ಕಾಣುತ್ತೆ" ಎಂದರು. ಬಟ್ಟೆ ಒದ್ದೆ ಮಾಡುವುದೂ ನಮ್ಮ ಕೆಲಸವಾಯಿತು. ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ತಂದು ಎರಚಿದೆವು. ಹಿಂದೆ ಕೂತೆವು. ಆಮೇಲೆ ಪ್ರತಿ ಶನಿವಾರ ಅದೇ ನಮ್ಮ ಜಾಗ.

ಹಿಂದಿನಿಂದ ನೋಡಿದರೆ ಎಡ ಬಲ ಅದಲುಬದಲು ಕಾಣುತ್ತದೆ. ಅದು ತಿಳಿಯುವಷ್ಟು ಸಿನಿಮಾ ನಾವು ನೋಡಿರಲಿಲ್ಲ. ಗಂಗಾನಗರದ ತಾಹೆರಾ ನನ್ನ ಪಕ್ಕದ ತೊಟ್ಟಿಯವಳು. ಅವಳು ಅಸಹ್ಯಪಟ್ಟುಕೊಂಡು ಹೇಳಿದಳು, "ಛೀ, ಈ ದೇಶದೋರು ಎಲ್ಲಾ ಎಡಗೈಲೇ ತಿಂತಾರೆ ಅಕ್ಕಾ."

ಒಂದೇ ಸಿನಿಮಾವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಯಾವುದೋ ಚಳಿ ದೇಶದ್ದು. ಮಾತು ನಮಗೂ ಅರ್ಥವಾಗದು, ಮುಂದೆ ಕೂತವರಿಗೂ ಅರ್ಥವಾಗದು. ಜಯಸಿಂಹ ಮೈಕು ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದರು. ಸಮುದ್ರದ ದಡದಲ್ಲಿ ಒಂದು ಕಾರ್ಖಾನೆ. ಹೆಂಗಸರು ಮೀನು ಸೀಳಿ ಉಪ್ಪು ತುಂಬುತ್ತಾರೆ. ಅವರ ಕೈಯನ್ನು ಉಪ್ಪು ತಿಂದಿದೆ. ಒಬ್ಬಳ ಕೈ ಯಂತ್ರಕ್ಕೆ ಸಿಕ್ಕಿ ಹೋಗುತ್ತದೆ. "ನೋಡಿ ಸಂಗಾತಿಗಳೇ, ಮಾಲೀಕ ಏನು ಹೇಳುತ್ತಿದ್ದಾನೆ? ಈ ಹೆಂಗಸು ನಮ್ಮವಳಲ್ಲ ಎನ್ನುತ್ತಿದ್ದಾನೆ." ಹೆಂಗಸರೆಲ್ಲ ಕೆಲಸ ಬಿಟ್ಟು ಗೇಟಿನ ಮುಂದೆ ಹಿಮದಲ್ಲಿ ಕೂರುತ್ತಾರೆ. ಕೂತೇ ಇರುತ್ತಾರೆ. ಕೊನೆಗೆ ಗೇಟು ತೆರೆಯುತ್ತದೆ. ಒಳಗಿನಿಂದ ಗಂಡಸರು ಸಾಲುಸಾಲಾಗಿ ಹೊರಗೆ ಬರುತ್ತಾರೆ. ಹೆಂಗಸರು ಎದ್ದು ನಿಲ್ಲುತ್ತಾರೆ. "ಬಂದರು ಸಂಗಾತಿಗಳೇ, ಬಂದರು. ಯಂತ್ರ ನಿಲ್ಲಿಸಿ ತಮ್ಮ ಅಕ್ಕತಂಗಿಯರ ಜೊತೆ ನಿಲ್ಲಲು ಬಂದರು."

ಅಲ್ಲಿಗೆ ದೀಪ ಹಾಕುತ್ತಿದ್ದರು. ಮುಂದಿನವರು ಘೋಷಣೆ ಕೂಗುತ್ತಿದ್ದರು. ಹಿಂದಿನಿಂದ ನಾವೂ ಕೂಗುತ್ತಿದ್ದೆವು. ಜಯಸಿಂಹ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾಟಕ ಅಲ್ಲ, ನಿಜವಾಗಿಯೂ ಅಳುತ್ತಿದ್ದರು. ಸೋಮವಾರ ಶೆಡ್ಡಿನಲ್ಲಿ ತಾಹೆರಾ ಬೊಂಬನ್ನು ಮೈಕಿನ ಹಾಗೆ ಹಿಡಿದು, "ಬಂದರು ಸಂಗಾತಿಗಳೇ" ಎಂದರೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ನಗುತ್ತಾ ನಗುತ್ತಾ ನಂಬಿಬಿಟ್ಟೆವು.

ಚಂದ್ರವ್ವ ನಮ್ಮ ಶೆಡ್ಡಿಗೆ ಬಂದದ್ದು ಆ ಬೇಸಿಗೆಯಲ್ಲಿ. ಲಿಂಗಸುಗೂರು ಕಡೆಯವಳು. ಗಂಡ ವೀರಬಸಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಗೂಡ್ಸ್ ಶೆಡ್ಡಿನ ಬೇಲಿಯ ಪಕ್ಕದಲ್ಲೇ ಗುಡಿಸಲು. ಅವಳ ಗಂಡ ಮಧ್ಯಾಹ್ನ ಬಿಡುವು ಸಿಕ್ಕರೆ ನಮ್ಮ ಶೆಡ್ಡಿನ ಬೇಲಿಯ ಹತ್ತಿರ ಬಂದು ನಿಂತು ಅವಳಿಗೆ ಎಲೆಅಡಿಕೆ ಕೊಟ್ಟು ಹೋಗುತ್ತಿದ್ದ. ಹೆಂಡತಿಗೆ ಎಲೆಅಡಿಕೆ ತಂದುಕೊಡುವ ಗಂಡನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ನಾವು ಗೋಳು ಹುಯ್ದುಕೊಳ್ಳುತ್ತಿದ್ದೆವು. ಅವಳು ನಾಚಿಕೊಂಡು ಸೆರಗು ಕಚ್ಚುತ್ತಿದ್ದಳು.

ಅವತ್ತು ತೊಟ್ಟಿ ತುಂಬಿತ್ತು. ಒದ್ದೆ ವೇಸ್ಟು ಭಾರ. ಚಂದ್ರವ್ವ ಬೊಂಬು ಹಾಕಿ ಎಳೆದಳು. ಕೆಳಗೆ ಎಣ್ಣೆ ಜಿಡ್ಡು. ಕಾಲು ಜಾರಿತು. ಬೀಳುವಾಗ ಕೈ ಮುಂದೆ ಕೊಟ್ಟಳು. ಎರಡೂ ಕೈ ಭುಜದವರೆಗೆ ಕುದಿಯುವ ಸೋಡಾದೊಳಗೆ ಹೋದವು. ನಾನು ಸೊಂಟ ಹಿಡಿದು ಎಳೆದೆ. ಕೈ ಹೊರಗೆ ಬಂದಾಗ ಬಳೆಯ ಜೊತೆಗೆ ಚರ್ಮ ಜಾರಿ ಇಳಿಯುತ್ತಿತ್ತು. ಅವಳು ಕೂಗಲಿಲ್ಲ. ಬಾಯಿ ತೆರೆದೇ ಇತ್ತು, ಸದ್ದು ಬರಲಿಲ್ಲ.

ಸದ್ದು ಮಾಡಿದವರು ನಾವು. ಸ್ಟೋರಿನಿಂದ ಜಯಸಿಂಹ ಓಡಿ ಬಂದರು. ಬಿಂದಿಗೆ ಬಿಂದಿಗೆ ನೀರು ಸುರಿದರು. ತಮ್ಮ ಅಂಗಿ ಬಿಚ್ಚಿ ಅವಳಿಗೆ ಹೊದಿಸಿದರು. ಬನಿಯನ್ನಿನಲ್ಲೇ ರಸ್ತೆಗೆ ಓಡಿ ಆಟೋ ತಂದರು. ಅವರು ಮಾಡಿದ್ದನ್ನು ಇಲ್ಲ ಅನ್ನುವವಳಲ್ಲ ನಾನು. ಅವರು ನೋಡಿದರು. ತೊಟ್ಟಿ ನೋಡಿದರು, ಕೈ ನೋಡಿದರು, ಎಲ್ಲಾ ನೋಡಿದರು. ಅದನ್ನು ನೆನಪಿಡಿ.

ಆಸ್ಪತ್ರೆಯಲ್ಲಿ ಕೇಳಿದರು, ಹೇಗೆ ಸುಟ್ಟಿತು ಎಂದು. ಶೆಡ್ಡಿನ ತೊಟ್ಟಿಯಲ್ಲಿ ಎಂದೆವು. ಸುಟ್ಟ ಹೆಂಗಸು ಬಂದರೆ ಪೊಲೀಸರಿಗೆ ತಿಳಿಸಬೇಕಂತೆ. ಪೊಲೀಸರು ಬಂದು ಕಾರ್ಖಾನೆಗೆ ಹೋಗಿ ವಿಚಾರಿಸಿದರು. ಕದಿರಪ್ಪ ಹೇಳಿದ, "ಯಾವ ಚಂದ್ರವ್ವ? ಆ ಹೆಸರಿನೋರು ನನ್ ಶೆಡ್‌ನಲ್ಲಿ ಕೆಲ್ಸಾನೇ ಮಾಡಿಲ್ಲ. ಗಂಡ ಹೆಂಡ್ತಿ ಜಗಳ ಇರ್ಬೇಕು. ಆ ಕಡೆ ಜನಾನೇ ಹಂಗೆ ಸಾರ್." ಕಾರ್ಖಾನೆಯವರು ಹೇಳಿದರು, ಅವಳು ನಮ್ಮವಳಲ್ಲ.

ಆ ಸಾಯಂಕಾಲವೇ ಗೂಡ್ಸ್ ಶೆಡ್ಡಿಗೆ ಹೋಗಿ ವೀರಬಸಪ್ಪನನ್ನು ಎಳೆದುಕೊಂಡು ಹೋದರು. ಬೆನ್ನ ಮೇಲೆ ಮೂಟೆ ಇತ್ತಂತೆ. ಇಳಿಸುವುದಕ್ಕೂ ಬಿಡಲಿಲ್ಲವಂತೆ. ಹೆಂಡತಿಯನ್ನು ಸುಟ್ಟವನು ಎಂದು ಲಾಕಪ್ಪಿಗೆ ಹಾಕಿದರು.

ಚಂದ್ರವ್ವ ಬಾಯಿ ಬಿಟ್ಟು ಹೇಳಿದಳು, ನನ್ನ ಗಂಡ ಅಲ್ಲ, ತೊಟ್ಟಿ ಎಂದು. ಗಂಡನನ್ನು ಉಳಿಸಿಕೊಳ್ಳಲು ಹೆಂಗಸರೆಲ್ಲ ಹೀಗೇ ಹೇಳುತ್ತಾರೆ ಎಂದರು. ನಾವೆಲ್ಲ ಠಾಣೆಗೆ ಹೋದೆವು. ಮೆಟ್ಟಿಲ ಕೆಳಗೇ ನಿಲ್ಲಿಸಿದರು. "ನೀವ್ ಅಲ್ಲಿ ಕೆಲ್ಸ ಮಾಡ್ತೀರ ಅನ್ನೋದಕ್ಕೇ ಸಾಕ್ಷಿ ಇಲ್ಲ, ನಿಮ್ ಸಾಕ್ಷಿ ಯಾರ್ ಕೇಳ್ತಾರೆ? ಒಳಗಿನ ಪರ್ಮನೆಂಟ್ ನೌಕರ ಒಬ್ಬ ಬಂದು ಹೇಳ್ಲಿ, ನೋಡೋಣ" ಎಂದರು.

ಒಬ್ಬ. ಒಂದು ಮಾತು. ಅವಳು ಇಲ್ಲಿ ಕೆಲಸ ಮಾಡುತ್ತಿದ್ದಳು, ಇಲ್ಲೇ ಸುಟ್ಟಿತು. ಅಷ್ಟೇ ಬೇಕಾಗಿದ್ದದ್ದು.

ನಾನು ನೇರ ಜಯಸಿಂಹರ ಹತ್ತಿರ ಹೋದೆ. ಸ್ಟೋರಿನ ಕಿಟಕಿಯಲ್ಲಿ ನಿಂತು ಕೈ ಮುಗಿದೆ.

"ಸಾಮಿ, ಠಾಣೆಗ್ ಬಂದು ಒಂದ್ ಮಾತ್ ಯೋಳಿ. ಆ ಗಂಡು ಪಾಪದೋನು. ವದ್ದು ಸಾಯಿಸ್ಬುಡ್ತಾರೆ."

ಅವರು ಆಚೆ ಈಚೆ ನೋಡಿದರು. ದನಿ ತಗ್ಗಿಸಿದರು.

"ಕೆಂಪಮ್ಮ, ನಂಗೆ ಅರ್ಥ ಆಗುತ್ತೆ. ಆದರೆ ನಾನು ಪದಾಧಿಕಾರಿ. ನಾನಾಗಿ ಹೋಗಿ ಹೇಳಕ್ಕಾಗಲ್ಲ, ಸಮಿತಿ ತೀರ್ಮಾನ ಆಗ್ಬೇಕು. ಸಂಬಳದ ಅಗ್ರಿಮೆಂಟ್ ಸೈನ್ ಆಗೋ ಹೊತ್ತು. ಈಗ ಕಂಟ್ರಾಕ್ಟ್ ಲೇಬರ್ ವಿಷಯ ಎತ್ತಿದ್ರೆ ಮ್ಯಾನೇಜ್‌ಮೆಂಟ್ ಮಾತುಕತೆ ಮುರಿಯುತ್ತೆ. ಸಾವಿರ ಸಂಸಾರದ ಪ್ರಶ್ನೆ ಇದು."

"ಅವಳ್ದು ಒಂದೇ ಸಂಸಾರ ಅಂತಲಾ?"

"ಹಾಗಲ್ಲ. ಸ್ವಲ್ಪ ತಾಳ್ಮೆ ಬೇಕು. ಹೋರಾಟ ಅಂದ್ರೆ ಹಂತ ಹಂತವಾಗಿ."

ಹಂತವಂತೆ. ಲಾಕಪ್ಪಿನಲ್ಲಿ ಒದೆ ಹಂತ ಹಂತವಾಗಿ ಬೀಳುತ್ತದೆಯೇ?

ಶೆಡ್ಡಿಗೆ ಬಂದು ಹೇಳಿದೆ. ತಾಹೆರಾ ಮೊದಲು ಬಾಯಿ ಬಿಟ್ಟಳು. "ಅಕ್ಕಾ, ಸಿನ್ಮಾದಲ್ಲಿ ಗಂಡಸ್ರು ಮೊದ್ಲೇ ಬಂದ್ರಾ? ಇಲ್ವಲ್ಲ. ಹೆಂಗಸ್ರು ಕೂತ್ಮೇಲೆ ತಾನೆ ಬಂದಿದ್ದು? ನಾವು ಕೂತ್ಕೋಬೇಕು. ನೋಡಿದ್ರೆ ಬರ್ತಾರೆ."

ಹೌದಲ್ಲ ಅನ್ನಿಸಿತು. ನೋಡಿ ಕಲಿಯಿರಿ ಎಂದೇ ತಾನೆ ಅವರು ತೋರಿಸಿದ್ದು? ಉರಿಯುವ ಸೌದೆಗೆ ನೀರು ಹೊಯ್ದೆವು. ಬೊಂಬು ಎಸೆದೆವು. ಹೋಗಿ ದೊಡ್ಡ ಗೇಟಿನ ಪಕ್ಕದಲ್ಲಿ, ಚರಂಡಿ ಅಂಚಿನಲ್ಲಿ, ಗೋಡೆಗೆ ಒರಗಿ ಕೂತೆವು. ದಾರಿಗೆ ಅಡ್ಡ ಕೂರಲಿಲ್ಲ. ಒಳಗಿರುವವರು ನಮ್ಮವರು, ಅವರಿಗೆ ದಾರಿ ಬೇಡವೇ ಎಂದು ನಾನೇ ಹೇಳಿದ್ದೆ.

ಕದಿರಪ್ಪ ಬಂದು ಬೈದ. ಹುಟ್ಟಿದ ಕುಲ ಹಿಡಿದು ಬೈದ. ನಾವು ತಲೆ ಎತ್ತಲಿಲ್ಲ. ಬಿಸಿಲು ಏರಿತು. ನೀರು ಕೇಳಿದರೆ ವಾಚ್‌ಮನ್ ಕೊಡಲಿಲ್ಲ. ಒಬ್ಬಳ ಮಡಿಲಲ್ಲಿ ಕೂಸು ಅತ್ತು ಅತ್ತು ನಿದ್ದೆ ಹೋಯಿತು. ಸೈರನ್ ಕೂಗಿತು. ಗೇಟು ತೆರೆಯಿತು. ಗಂಡಸರು ಸಾಲುಸಾಲಾಗಿ ಹೊರಗೆ ಬಂದರು.

ತಾಹೆರಾ ಎದ್ದು ನಿಂತಳು. "ಬಂದ್ರು ಅಕ್ಕಾ, ಬಂದ್ರು" ಎಂದು ಚಪ್ಪಾಳೆ ಹೊಡೆದಳು. ನಾವೆಲ್ಲ ಎದ್ದು ನಿಂತೆವು. ಕಾರ್ಮಿಕರ ಒಗ್ಗಟ್ಟು ಎಂದು ನಾನು ಕೂಗಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅವರ ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು. ಡ್ಯೂಟಿ ಮುಗಿದಿತ್ತು. ಕೆಲವರು ನೆಲ ನೋಡಿದರು. ಒಬ್ಬ "ಪಾಪ" ಎಂದ. ಇನ್ನೊಬ್ಬ, "ಸ್ವಲ್ಪ ದಾರಿ ಬಿಡ್ರಮ್ಮ, ಬಸ್ ಹೋಗ್ಬಿಡುತ್ತೆ" ಎಂದ. ಬಸ್ಸು ಸಿಕ್ಕಿತು ಅವರಿಗೆ. ಕಿಟಕಿಯಲ್ಲಿ ಕೂತು ನಮ್ಮನ್ನು ನೋಡುತ್ತಾ ಹೋದರು. ಎತ್ತಿದ ಕೈ ಇಳಿಸುವುದಕ್ಕೂ ನನಗೆ ನಾಚಿಕೆಯಾಯಿತು.

ಮರುದಿನ ಕದಿರಪ್ಪ ಬ್ಯಾಟರಾಯನಪುರದ ಕಡೆಯಿಂದ ಬೇರೆ ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದು ತೊಟ್ಟಿ ಹೊತ್ತಿಸಿದ. ನಮ್ಮ ಕೆಲಸ ಹೋಯಿತು.

ನಾನು ಸಂಘದ ಕಚೇರಿಗೆ ನುಗ್ಗಿದೆ. ಜಯಸಿಂಹ ಒಬ್ಬರೇ ಕೂತು ಏನೋ ಬರೆಯುತ್ತಿದ್ದರು.

"ಸಾಮಿ, ಸಿನ್ಮಾದಾಗೆ ಗಂಡಸ್ರು ಬಂದ್ರಲ್ಲ. ನೀವೇ ತಾನೆ ಯೋಳಿದ್ದು? ಇಲ್ಲಿ ಯಾಕ್ ಬರ್ನಿಲ್ಲ? ನಾವು ಕೂತಿದ್ದು ಸರಿಯಾಗಿರ್ನಿಲ್ವಾ? ಏನ್ ತಪ್ಪಾಯ್ತು ಯೋಳಿ, ಇನ್ನೊಂದ್ ಕಿತ ಸರಿಯಾಗ್ ಕೂರ್ತೀವಿ."

ಅವರು ಪೆನ್ನು ಕೆಳಗಿಟ್ಟರು.

"ಸಿನಿಮಾದಲ್ಲೂ ಅವರು ಬರಲಿಲ್ಲ ಕೆಂಪಮ್ಮ."

"ನಾನೇ ಕಣ್ಣಾರೆ ನೋಡಿವ್ನಿ."

"ಗೇಟಿಂದ ಆಚೆ ಬರೋದನ್ನ ನೋಡಿದೀರಿ. ಅವರು ಮನೆಗೆ ಹೋಗ್ತಾ ಇದ್ರು. ಕೊನೇ ರೀಲು ನಾವು ತರಿಸಲ್ಲ. ಅದರಲ್ಲಿ ಹೆಂಗಸರು ಸೋಲ್ತಾರೆ. ಒಬ್ಬೊಬ್ಬರಾಗಿ ಎದ್ದು ಹೋಗ್ತಾರೆ." ಅವರು ಕನ್ನಡಕ ತೆಗೆದರು. "ನಮ್ಮ ಜನಕ್ಕೆ ಧೈರ್ಯ ಬರ್ಲಿ ಅಂತ ಹಾಗೆ ಹೇಳಿದೆ. ನೀವು ಇಷ್ಟು ಮನಸ್ಸಿಗೆ ಹಚ್ಚಿಕೊಳ್ತೀರಿ ಅಂತ ಗೊತ್ತಿರಲಿಲ್ಲ."

ನನಗೆ ಕೂಗಾಡಬೇಕು ಅನ್ನಿಸಿತು. ನಾವು ಮುಂದೆ ಕೂತಿದ್ದರೂ ತಿಳಿಯುತ್ತಿರಲಿಲ್ಲ. ಹೇಳುವವನು ಹೇಳಿದ್ದೇ ಕಥೆ. ಆದರೆ ಮುಂದೆ ಕೂತವರು ಘೋಷಣೆ ಕೂಗಿ ಮನೆಗೆ ಹೋಗಿ ಉಂಡು ಮಲಗಿದರು. ಹಿಂದೆ ಕೂತ ನಾವು ಅದನ್ನು ತಲೆಗೆ ಹಾಕಿಕೊಂಡು ಹೊಟ್ಟೆಯ ಮೇಲೆ ಹೊಡೆಸಿಕೊಂಡೆವು. ಇನ್ನು ಮೇಲೆ ನಾನು ಜಯಸಿಂಹರನ್ನು ಅವರು ಎನ್ನುವುದಿಲ್ಲ. ಅವನು ಎನ್ನುತ್ತೇನೆ. ಅವನು ನನ್ನನ್ನು ನೀವು ಎಂದರೂ ಅಷ್ಟೇ.

ಚಂದ್ರವ್ವ ಆಸ್ಪತ್ರೆಯಿಂದ ಎದ್ದು ಬಂದಿದ್ದಳು. ಗಂಡ ಲಾಕಪ್ಪಿನಲ್ಲಿರುವಾಗ ಅವಳಿಗೆ ಮಂಚದಲ್ಲಿ ಮಲಗಲು ಆಗಲಿಲ್ಲ. ಗುಡಿಸಲಿಗೆ ಹೋದರೆ ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಕೈಗಳನ್ನು ಎರಡು ಕಡೆ ಚಾಚಿಕೊಂಡಿದ್ದಳು. ಬ್ಯಾಂಡೇಜು ಹಳದಿಯಾಗಿ, ಕೀವು ಸೋರಿ, ನೊಣ ಮುತ್ತಿತ್ತು. ತಾಹೆರಾ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು.

"ಯಕ್ಕಾ, ಅವನ್ನ ಭಾಳ ಬಡದಾರಂತ" ಎಂದಳು ಚಂದ್ರವ್ವ. "ಒಪ್ಪಿಕೊಳ್ಳು ಅಂತಾರಂತ. ನಾಳೆ ಕೋರ್ಟಿಗೆ ಒಯ್ತಾರಂತ. ನಾನು ಸತ್ತರ ಖೂನಿ ಅಂತಾರ, ಹೌದಿಲ್ಲೋ? ನಾ ಸಾಯಬಾರದು ಯಕ್ಕಾ. ನಾ ಸತ್ತರ ಅವ ಉಳಿಯಂಗಿಲ್ಲ."

ಅವಳ ಮೈ ಕಾದ ಹೆಂಚಾಗಿತ್ತು. ನೀರು ಕೊಡೋಣವೆಂದು ಎದ್ದೆ. ಮಡಕೆ ಆಚೆ ಮೂಲೆಯಲ್ಲಿತ್ತು. ಗುಡಿಸಲಿನಲ್ಲಿ ಜಾಗವಿಲ್ಲ. ಅವಳ ಮೇಲಿಂದ ಕಾಲೆತ್ತಿದೆ. ತಾಹೆರಾ ನನ್ನ ಸೀರೆ ಹಿಡಿದು ಎಳೆದಳು.

"ದಾಟ್ಬೇಡ ಅಕ್ಕಾ. ಹುಷಾರಿಲ್ದೆ ಮಲ್ಗಿದಾಳೆ."

ಕಾಲು ಹಿಂದಕ್ಕೆ ತೆಗೆದೆ. ಯಾರೇ ಆಗಲಿ, ಮಲಗಿದವರನ್ನು ದಾಟಬಾರದು. ನಮ್ಮ ಕೇರಿಯಲ್ಲೂ ಅದೇ, ತಾಹೆರಾಳ ಮನೆಯಲ್ಲೂ ಅದೇ, ಚಂದ್ರವ್ವನ ಊರಲ್ಲೂ ಅದೇ. ಗೊತ್ತಿಲ್ಲದೆ ದಾಟಿದರೆ ತಿರುಗಿ ದಾಟಬೇಕು. ಕಾರ್ಖಾನೆಯ ಗಂಡಸರ ತಾಯಂದಿರೂ ಇದನ್ನೇ ಹೇಳಿಕೊಟ್ಟಿರುತ್ತಾರೆ. ನಾನು ಒಂಟಿ ಕಾಲಿನಲ್ಲಿ ನಿಂತೇ ಯೋಚಿಸಿದೆ. ನಮ್ಮನ್ನು ಅವರು ದಾಟುವಂತಿಲ್ಲ. ಎತ್ತಿ ಪಕ್ಕಕ್ಕೆ ಇಡಬೇಕಾದರೆ ಮುಟ್ಟಬೇಕು. ನನ್ನನ್ನು ಮುಟ್ಟುವವರು ಅಲ್ಲಿ ಯಾರಿದ್ದಾರೆ?

"ಗೇಟ್‌ಗೆ ಅಡ್ಡ ಮನೀಕಣಾನ" ಎಂದೆ.

"ನನ್ನನ್ನೂ ಒಯ್ರಿ" ಎಂದಳು ಚಂದ್ರವ್ವ. ಬೇಡವೆಂದೆವು. ಕೇಳಲಿಲ್ಲ. "ನಡುವ ನನ್ನನ್ನ ಹಾಕ್ರಿ. ನೋಡ್ಲಿ ಅವ್ರು" ಎಂದಳು.

ಅವತ್ತೇ ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಅವಳನ್ನು ಗೋಣಿಚೀಲದ ಜೋಲಿಯಲ್ಲಿ ಹೊತ್ತು ತಂದೆವು. ದೊಡ್ಡ ಗೇಟಿನ ಬಾಯಿಗೆ ಅಡ್ಡಲಾಗಿ ಈ ಕಂಬದಿಂದ ಆ ಕಂಬದವರೆಗೆ ಮಲಗಿದೆವು. ಟಾರು ಕಾದು ಬೆನ್ನು ಸುಡುತ್ತಿತ್ತು. ನಡುವೆ ಚಂದ್ರವ್ವ. ಅವಳ ತಲೆಯ ಹತ್ತಿರ ನಾನು. ಬ್ಯಾಂಡೇಜು ಬಿಚ್ಚಿ ಎಂದಳು. ಬಿಚ್ಚಿದೆವು. ನಾತಕ್ಕೆ ವಾಚ್‌ಮನ್ ಹಿಂದೆ ಸರಿದ.

ಕದಿರಪ್ಪ ಓಡಿ ಬಂದ. "ಎತ್ತಿ ಚರಂಡಿಗ್ ಹಾಕ್ರೋ ಈ ಮುಂಡೇರ್ನ" ಎಂದ. ವಾಚ್‌ಮನ್ ಲಾಠಿಯ ತುದಿಯಿಂದ ನನ್ನ ಪಕ್ಕೆ ತಿವಿದ. ಎರಡು ಸಲ ತಿವಿದ. ಕೈ ಹಾಕಲಿಲ್ಲ. "ಇವ್ರುನ್ನ ಯಾರ್ ಮುಟ್ತಾರೆ ಸಾರ್, ಪೊಲೀಸ್ರುನ್ನ ಕರೀರಿ" ಎಂದ. ಕದಿರಪ್ಪ ಫೋನಿಗೆ ಓಡಿದ.

ಸೈರನ್ ಕೂಗಿತು. ಗೇಟು ತೆರೆಯಿತು. ಗಂಡಸರು ಬಂದರು. ಮಲಗಿದವಳಿಗೆ ಮೊದಲು ಕಾಣುವುದು ಕಾಲು. ಬೂಟು, ಚಪ್ಪಲಿ, ಬೂಟು. ಎಲ್ಲಾ ನಿಂತವು. ಹಿಂದಿನವರು ತಳ್ಳಿದರು, ಮುಂದಿನವರು ಒತ್ತಿ ಹಿಡಿದರು. ಯಾರೂ ಕಾಲೆತ್ತಲಿಲ್ಲ.

"ದಾಟ್ಬೇಡ್ರೋ. ಮಲಗಿದಾರೆ."

"ಅಯ್ಯೋ, ಆ ಕೈ ನೋಡೋ ಗುರು."

"ಏನಂತೆ ಇವರದ್ದು?"

ನಾನು ಮಲಗಿದ್ದ ಹಾಗೇ ಕೂಗಿದೆ. "ಇವ್ಳು ಚಂದ್ರವ್ವ. ವೇಸ್ಟ್ ಶೆಡ್ನಾಗೆ ಸುಟ್ಕಂಡವ್ಳೆ. ಗಂಡ ಸುಟ್ಟ ಅಂತ ಅವನ್ನ ಲಾಕಪ್ಪಿಗ್ ಆಕವ್ರೆ. ನಿಮ್ಗೆಲ್ಲ ಗೊತ್ತು. ಒಬ್ರು, ಒಬ್ರೇ ಒಬ್ರು ಠಾಣೆಗ್ ಬನ್ನಿ. ನಾವ್ ಎದ್ ಓಯ್ತೀವಿ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ಆಗ ಗುಂಪಿನೊಳಗಿನಿಂದ ದಾರಿ ಮಾಡಿಕೊಂಡು ಜಯಸಿಂಹ ಬಂದ. ಬಗ್ಗಿ ನಮ್ಮನ್ನು ನೋಡಿದ. ಬಂದನಲ್ಲ ಅನ್ನಿಸಿತು. ಅಷ್ಟಾದರೂ ನನಗೆ ಇನ್ನೂ ಆಸೆ ಇತ್ತು.

"ಕೆಂಪಮ್ಮ, ಎದ್ದೇಳಿ. ನಿಮ್ಮ ಸಿಟ್ಟು ನ್ಯಾಯವೇ. ಆದರೆ ನಮ್ಮವರ ಮೇಲೇ ತೋರಿಸಬಾರದು. ಪೊಲೀಸರು ಬರ್ತಿದಾರೆ. ಅಗ್ರಿಮೆಂಟ್ ಕೆಡುತ್ತೆ."

ನಾನು ಏಳಲಿಲ್ಲ. ಅವನು ನಿಟ್ಟುಸಿರು ಬಿಟ್ಟ. ಹಿಂದೆ ತಿರುಗಿ ಗಂಡಸರನ್ನು ನೋಡಿದ. ಆಮೇಲೆ ಏನು ಮಾಡಿದ ಗೊತ್ತೇ? ಚಪ್ಪಲಿ ಬಿಟ್ಟ. ಎರಡೂ ಚಪ್ಪಲಿ ಕೈಗೆ ತೆಗೆದುಕೊಂಡ. ಚಪ್ಪಲಿ ಕಾಲಿನಲ್ಲಿ ದಾಟಿದರೆ ನಮಗೆ ಅವಮಾನವಾದೀತಂತೆ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಎಷ್ಟು ಮರ್ಯಾದಸ್ಥರು. ಒಬ್ಬ ಮುದುಕ ಚಂದ್ರವ್ವನ ಕಡೆ ನೋಡಿ, "ತಪ್ಪಾಯ್ತು ತಾಯಿ" ಎಂದು ಕಣ್ಣಿಗೆ ಕೈ ಒತ್ತಿಕೊಂಡ.

ಜಯಸಿಂಹ ಪಂಚೆ ಎತ್ತಿ ಹಿಡಿದ. ಚಂದ್ರವ್ವನ ಕೈಗೆ ತಾಗದ ಹಾಗೆ, ಜೋಪಾನವಾಗಿ, ಬರಿಗಾಲು ಎತ್ತಿ ಆಚೆ ಇಟ್ಟ. ಚಂದ್ರವ್ವ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ದಾಟ್ರಿ ಯಣ್ಣಾ" ಎಂದಳು. "ನಿಮ್ಮ ಮನ್ಯಾಗ ಕಾಯ್ತಿರ್ತಾರ."

ಅವನು ಇನ್ನೊಂದು ಕಾಲು ಎತ್ತುವ ಮೊದಲು ನಾನು ಅದನ್ನು ಹಿಡಿದೆ. ಎರಡೂ ಕೈಯಿಂದ ಕಾಲಿನ ಹರಡು ಹಿಡಿದೆ. ಬೇಡಿಕೊಳ್ಳಲು ಹಿಡಿದದ್ದಲ್ಲ. ಅವನು ಎಳೆದ. ನಾನು ಇನ್ನೂ ಬಿಗಿ ಹಿಡಿದೆ. ಒಂದು ಕಾಲು ಚಂದ್ರವ್ವನ ಆಚೆ, ಒಂದು ಕಾಲು ಈಚೆ, ಕೈಯಲ್ಲಿ ಚಪ್ಪಲಿ. ಹಾಗೆ ನಿಂತ. ಹಿಂದೆ ಸಾಲು ನಿಂತಿತು.

"ಬಿಡಿ ಕೆಂಪಮ್ಮ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ದಾಟುದ್ಮೇಲೆ ತಿರುಗ್ ದಾಟ್ಬೇಕು ಅಂತ ನಿನ್ನೆತ್ತವ್ವ ಯೋಳ್ಕೊಟ್ಟಿಲ್ವಾ? ತಿರುಗ್ ದಾಟು. ನೀನ್ ಕಂಡಿದ್ದ ಯೋಳು."

ಅವನು ನನ್ನ ಕಡೆ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ, "ಹೌದು, ನಾನು ನೋಡಿದೀನಿ. ಈಗ ಬಿಡಿ."

"ನಂಗ್ ಯಾಕ್ ಯೋಳ್ತೀಯ? ನಾನೇ ಅವ್ಳ ಎಳ್ದಾಕಿದ್ದು. ಅವ್ರಿಗ್ ಯೋಳು. ಗಟ್ಟಿಯಾಗ್ ಯೋಳು."

ದೂರದಲ್ಲಿ ಪೊಲೀಸ್ ವ್ಯಾನಿನ ಸದ್ದು ಕೇಳಿತು. ಬರಲಿ ಎಂದುಕೊಂಡೆ. ಬಂದು ನನ್ನ ಕೈ ಕಡಿಯಲಿ. ಇವನು ಬಾಯಿ ಬಿಡುವವರೆಗೆ ನಾನು ಕಾಲು ಬಿಡುವುದಿಲ್ಲ.